ಮೂವತ್ತೇಳನೆಯ ಪುಟದ ಎತ್ತು

ಮೂವತ್ತೇಳನೆಯ ಪುಟದಲ್ಲಿ ಎತ್ತು ಸಾಯಬೇಕಿತ್ತು. ಹಾಗೆಂದು ಬರೆದವಳು ನಾನೇ. ‘ಇಡೀ ಪುಟಕ್ಕೆ ಒಂದೇ ಚಿತ್ರ. ಗೋಡೆಯ ಬುಡದಲ್ಲಿ ಎತ್ತು ಬಿದ್ದಿದೆ. ಮಾತು ಇಲ್ಲ.’ ನಮ್ಮ ಕಾಮಿಕ್ಸ್ ಪುಸ್ತಕದ ನಲವತ್ತೆಂಟು ಪುಟಗಳಲ್ಲಿ ನಾನು ಅತಿ ಕಡಿಮೆ ಪದಗಳಲ್ಲಿ ಬರೆದು ಮುಗಿಸಿದ ಪುಟ ಅದು.

ನಾವು ಮೂವರಿದ್ದೆವು. ಕಥೆ, ಮಾತು, ಅಕ್ಷರ ಜೋಡಣೆ, ಪುಟವಿನ್ಯಾಸ ನನ್ನ ಪಾಲು. ಚಿತ್ರ ಬರೆಯುವವನು ದೊಡ್ಡಉಳ್ಳಾರ್ತಿಯವನು, ಅಂಗಡಿಗಳಿಗೆ ಬೋರ್ಡು ಬರೆದು ಸಂಪಾದಿಸುವವನು. ನನಗಿಂತ ದೊಡ್ಡವನಾದರೂ ನನ್ನನ್ನು ‘ಮೇಡಂ’ ಎನ್ನುತ್ತಿದ್ದ. ಅದರಲ್ಲಿ ಗೌರವಕ್ಕಿಂತ ಕೀಟಲೆ ಹೆಚ್ಚು. ಬಣ್ಣ ಹಾಕುವವರು ಮೊಳಕಾಲ್ಮೂರಿನ ಒಬ್ಬ ಅಕ್ಕ. ರೇಷ್ಮೆ ಸೀರೆಯ ಅಂಚಿಗೆ, ಸೆರಗಿಗೆ ಚೌಕಳಿ ಕಾಗದದ ಮೇಲೆ ವಿನ್ಯಾಸ ಬರೆದುಕೊಡುವುದು ಅವರ ಮನೆತನದ ಕೆಲಸ. ಈಗ ಅದನ್ನೇ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಕೋಪ ಬಂದರೂ ನಗು ಬಂದರೂ ಅವರ ಬಾಯಿಗೆ ಮೊದಲು ಬರುವುದು ತೆಲುಗು.

ಕೆಲಸದ ಜಾಗ ಚಳ್ಳಕೆರೆಯಲ್ಲಿ, ಮುಚ್ಚಿದ ಎಣ್ಣೆ ಮಿಲ್ಲೊಂದರ ಮೇಲಿನ ಕೋಣೆ. ಗಾಣ ನಿಂತು ಎಷ್ಟೋ ಕಾಲವಾಗಿದ್ದರೂ ಗೋಡೆಗಳು ಶೇಂಗಾ ಎಣ್ಣೆಯನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಬಿಸಿಲು ಏರಿದಂತೆ ವಾಸನೆ ಏರುತ್ತಿತ್ತು. ಹಾಳೆಗಳನ್ನು ಗೋಡೆಗೆ ಒರಗಿಸಿ ಇಡುವಂತಿರಲಿಲ್ಲ; ಮರುದಿನ ನೋಡಿದರೆ ಅಂಚಿನಲ್ಲಿ ಎಣ್ಣೆಯ ಕಲೆ ಕೂತಿರುತ್ತಿತ್ತು. ಹಾಗಾಗಿ ಬರೆದ ಪುಟಗಳನ್ನೆಲ್ಲ ಕೋಣೆಯ ನಡುವೆ ಅಡ್ಡ ಕಟ್ಟಿದ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕುತ್ತಿದ್ದೆವು. ಗಾಳಿ ಬಂದಾಗ ಎತ್ತು ನಡೆದಂತೆ ಕಾಣುತ್ತಿತ್ತು.

ಕಥೆ ಇಷ್ಟೇ. ಒಂದು ದೇವರ ಎತ್ತು. ನೊಗ ಕಾಣದ, ಮಾರುವಂತಿಲ್ಲದ, ದೇವರಿಗೆಂದು ಬಿಟ್ಟ ಎತ್ತು. ಅದು ತನ್ನ ಹಳೆಯ ದಾರಿ ಹಿಡಿದು ಹುಲ್ಲುಗಾವಲಿನ ನಡುವಿರುವ ಗೋಕಟ್ಟೆಗೆ ನೀರು ಕುಡಿಯಲು ಹೊರಡುತ್ತದೆ. ದಾರಿಗೆ ಅಡ್ಡ ಈಗ ಗೋಡೆ ಇದೆ, ಹುಲ್ಲುಗಾವಲನ್ನು ಸರ್ಕಾರ ದೊಡ್ಡ ಸಂಸ್ಥೆಗಳಿಗೆ ಕೊಟ್ಟ ಮೇಲೆ ಎದ್ದದ್ದು. ಎತ್ತು ಗೋಡೆಯುದ್ದಕ್ಕೂ ನಡೆಯುತ್ತದೆ. ಗೋಡೆ ಮುಗಿಯುವುದಿಲ್ಲ.

ಚಿತ್ರಕಾರನಿಗೆ ಮನಸ್ಸಿನಿಂದ ಬರೆಯುವುದು ಬರುವುದಿಲ್ಲ. ಎದುರಿಗೆ ವಸ್ತು ಇರಬೇಕು. ಅವನ ಊರಿನ ಹತ್ತಿರ ಒಂದು ಹಟ್ಟಿಯಲ್ಲಿ ದೇವರ ಎತ್ತುಗಳ ರೊಪ್ಪವಿತ್ತು. ಸುತ್ತ ಜಾಲಿಮುಳ್ಳಿನ ಬೇಲಿ, ಒಳಗೆ ಎತ್ತುಗಳು, ಅವುಗಳನ್ನು ನೋಡಿಕೊಳ್ಳುವ ಒಬ್ಬ ಕಿಲಾರಿ. ಕಿಲಾರಿ ವಯಸ್ಸಾದವರು, ನಾವು ತಾತ ಎನ್ನುತ್ತಿದ್ದೆವು. ಮೊದಲ ಸಲ ಹೋದಾಗ ಚಪ್ಪಲಿಗಳನ್ನು ಬೇಲಿಯಾಚೆ ಬಿಟ್ಟು ಒಳಗೆ ಕಾಲಿಟ್ಟೆವು. ತಾತ ಚಿತ್ರಕಾರನ ಹಾಳೆ, ಪೆನ್ಸಿಲು ಎಲ್ಲವನ್ನೂ ನೋಡಿದರು.

“ಯಾವುದನ್ನ ಬರೀತೀಯಪ್ಪ?”

ಚಿತ್ರಕಾರ ಆಗಲೇ ಆರಿಸಿಕೊಂಡಿದ್ದ. ಬೂದುಬಣ್ಣದ, ಬೆನ್ನ ಮೇಲೆ ದೊಡ್ಡ ಹಿಣಿಲಿನ ಹಳೆಯ ಎತ್ತು. ಅದರ ಬಲಗೊಂಬು ಮೇಲಕ್ಕೆ ಹೋಗದೆ ಕೆಳಕ್ಕೆ ಬಾಗಿ, ಕಣ್ಣಿನ ಪಕ್ಕಕ್ಕೆ ಬಂದು ನಿಂತಿತ್ತು. ಒಮ್ಮೆ ನೋಡಿದರೆ ಮರೆಯುವ ಮುಖವಲ್ಲ.

“ಅದನ್ನಾ?” ತಾತ ಅದರ ಕಡೆ ತಿರುಗಿ ನೋಡಿದರು. “ಬರಿ. ಹೆಸರು ಮಾತ್ರ ಬ್ಯಾಡ. ಕಥೆ ಏನು?”

ನಾನು ಹೇಳಿದೆ. ಗೋಡೆಯವರೆಗೆ ಬಂದಾಗ ತಾತ ತಲೆಯಾಡಿಸಿದರು. ಆ ಗೋಡೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

“ಆಮ್ಯಾಲೆ?”

ನಾನು ಪದ ಹುಡುಕುತ್ತಿದ್ದೆ. ಅಷ್ಟರಲ್ಲಿ ಚಿತ್ರಕಾರ, “ಸಾಕಾಗಿ ಗ್ವಾಡೆ ಪಕ್ಕ ಮಲಗ್ತೈತೆ ತಾತ” ಎಂದ.

“ಮಲಗಿ ಏಳ್ತೈತೇನು?”

ಎತ್ತು ಆ ಕ್ಷಣಕ್ಕೆ ತಲೆ ಕೊಡವಿತು, ಕೊರಳ ಗಂಟೆ ಸದ್ದಾಯಿತು. ತಾತ ಅದರ ಕಡೆ ಹೋದರು. ಪ್ರಶ್ನೆಗೆ ಉತ್ತರ ಕೊಡುವ ಅವಕಾಶ ನಮಗೆ ಬರಲಿಲ್ಲ. ಅವಕಾಶ ಬಂದಿದ್ದರೆ ಯಾರು ಏನು ಹೇಳುತ್ತಿದ್ದೆವೋ ಗೊತ್ತಿಲ್ಲ.

ಆಮೇಲಿನ ತಿಂಗಳುಗಳು ಕೆಲಸದಲ್ಲಿ ಹೋದವು. ಮೊದಲು ನಾನು ಪ್ರತಿ ಪುಟವನ್ನೂ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿ, ಬರೀ ಗೆರೆಗಳಲ್ಲಿ ಹಾಕಿ ತೋರಿಸುತ್ತಿದ್ದೆ. ಚಿತ್ರಕಾರ ಅದನ್ನು ದೊಡ್ಡ ಹಾಳೆಗೆ ಪೆನ್ಸಿಲಿನಲ್ಲಿ ಇಳಿಸುತ್ತಿದ್ದ, ಆಮೇಲೆ ಕುಂಚದಲ್ಲಿ ಕಪ್ಪು ಶಾಯಿ. ಹಾಳೆ ಸ್ಕ್ಯಾನ್ ಆಗಿ ಮೊಳಕಾಲ್ಮೂರಿಗೆ ಹೋಗುತ್ತಿತ್ತು. ಅಕ್ಕ ಬಣ್ಣ ಹಾಕಿ ಕಳಿಸಿದ ಮೇಲೆ ನಾನು ಮಾತುಗಳನ್ನು ಕೂರಿಸುತ್ತಿದ್ದೆ. ಕನ್ನಡದ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. ಮಾತಿನ ಬಲೂನು ಉಬ್ಬಿ ಚಿತ್ರವನ್ನು ತಿನ್ನುತ್ತಿತ್ತು. “ಮೇಡಂ, ನಿಮ್ಮ ಒತ್ತಕ್ಷರಕ್ಕೆ ನನ್ನ ಮೋಡ ಎಲ್ಲ ಹೋತು” ಎಂದು ಚಿತ್ರಕಾರ ಗೊಣಗುತ್ತಿದ್ದ. ನಾನು ಮಾತು ಕತ್ತರಿಸುತ್ತಾ ಹೋದೆ. ಕೊನೆಕೊನೆಗೆ ಪುಸ್ತಕದಲ್ಲಿ ಯಾರೂ ಹೆಚ್ಚು ಮಾತಾಡುತ್ತಲೇ ಇರಲಿಲ್ಲ. ಎತ್ತಿನ ಗಂಟೆಯ ಸದ್ದು ಮಾತ್ರ ಪುಟದಿಂದ ಪುಟಕ್ಕೆ ಹೋಗುತ್ತಿತ್ತು.

ಮೂವತ್ತೇಳನೆಯ ಪುಟಕ್ಕೆ ಶಾಯಿ ಹಾಕಿದ ದಿನ ನನಗೆ ನೆನಪಿದೆ. ಬಿದ್ದ ಎತ್ತು ಬರೆಯಲು ಚಿತ್ರಕಾರನಿಗೆ ಎದುರಿಗೆ ಏನೂ ಇರಲಿಲ್ಲ. ಮಲಗಿ ಮೆಲುಕು ಹಾಕುವ ಎತ್ತನ್ನು ನೋಡಿ ಅದನ್ನೇ ಅಡ್ಡ ಮಾಡಿದ್ದ. ಸರಿ ಬಂದಿರಲಿಲ್ಲ. ನಿದ್ದೆ ಮಾಡುತ್ತಿರುವಂತೆ ಇತ್ತು. “ಭಾರ ಬಂದಿಲ್ಲ” ಎಂದು ಅವನೇ ಹೇಳಿದ. ಆದರೂ ಮುಗಿಸಿದ. ಪ್ರೆಸ್ಸಿನವರು ಅವಸರ ಮಾಡುತ್ತಿದ್ದರು. ಮದುವೆ ಕಾಲ ಶುರುವಾದರೆ ಅವರ ಮಿಷನ್ನು ಲಗ್ನಪತ್ರಿಕೆಗಳಿಗೆ ಹೋಗುತ್ತದೆ. ಆಮೇಲೆ ನಮ್ಮಂಥವರ ಪುಸ್ತಕಕ್ಕೆ ಸರದಿಯೇ ಇಲ್ಲ.

ಬಣ್ಣ ಹಾಕಿ ಕಳಿಸುವಾಗ ಅಕ್ಕ ಫೋನು ಮಾಡಿದರು.

“ಮೂವತ್ತೇಳರಾಗೆ ಎತ್ತು ಪುಸ್ತಕದಿಂದ ಆಚೆಗೆ ಮುಖ ಮಾಡಿಕೊಂಡು ಬಿದ್ದೈತಲ್ಲಮ್ಮ. ಬಲಗಡೆ ಪುಟ ಅದು. ಓದೋರ ಕಣ್ಣು ಹೊರಗೆ ಹೋಗ್ತೈತೆ. ಒಳಗಡೆಗೆ ತಿರುವಿದೀನಿ, ಚೂಡು.”

ನೋಡಿದೆ. ಹೌದು, ಈಗ ಚೆನ್ನಾಗಿತ್ತು. ಎತ್ತು ಎಡಕ್ಕೆ, ತಾನು ನಡೆದು ಬಂದ ಪುಟಗಳ ಕಡೆ ಮುಖ ಮಾಡಿತ್ತು. ಸೀರೆಯ ಕೆಲಸದಲ್ಲಿ ಹಾಗೆ ತಿರುವುವುದು ದಿನದ ಸಂಗತಿ. ಒಂದು ಅಂಚಿಗೆ ಹಂಸ ಬರೆದರೆ ಎದುರು ಅಂಚಿಗೆ ಅದನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚುತ್ತಾರೆ. ಅದು ಬೇರೆ ಹಂಸವೆಂದು ಯಾರೂ ಎಣಿಸುವುದಿಲ್ಲ. ನಾನೂ ಎಣಿಸಲಿಲ್ಲ. ಪುಟ ಒಪ್ಪಿಕೊಂಡೆ.

ತಪ್ಪು ಕಂಡದ್ದು ಪ್ರೂಫ್ ಬಂದಾಗ. ಹಾಳೆ ಮಡಚಿ ನಡುವೆ ಪಿನ್ನು ಹೊಡೆಯುವ ಪುಸ್ತಕಗಳಲ್ಲಿ ಪುಟಗಳು ಓದುವ ಅನುಕ್ರಮದಲ್ಲಿ ಅಚ್ಚಾಗುವುದಿಲ್ಲ. ಒಂದೇ ಹಾಳೆಯ ಒಂದೇ ಬದಿಯಲ್ಲಿ ಎಡಕ್ಕೆ ಹನ್ನೆರಡನೆಯ ಪುಟ ಬಂದರೆ ಬಲಕ್ಕೆ ಮೂವತ್ತೇಳು. ಓದುಗರಿಗೆ ಅವೆರಡೂ ಎಂದೂ ಒಟ್ಟಿಗೆ ಕಾಣುವುದಿಲ್ಲ. ನನಗೆ ಕಂಡವು. ಹನ್ನೆರಡರಲ್ಲಿ ಎತ್ತು ಹಟ್ಟಿಯಿಂದ ಹೊರಟಿದೆ, ಬಲಕ್ಕೆ ಮುಖ. ಮೂವತ್ತೇಳರಲ್ಲಿ ಬಿದ್ದಿದೆ, ಎಡಕ್ಕೆ ಮುಖ. ಹಾಳೆ ಬಿಡಿಸಿ ಹಾಸಿದಾಗ ಬದುಕಿರುವ ಎತ್ತು, ಸತ್ತ ಎತ್ತು ಎದುರುಬದುರಾಗಿ ಒಂದನ್ನೊಂದು ನೋಡುತ್ತಿದ್ದವು.

ಎರಡರಲ್ಲೂ ನಮ್ಮ ಕಡೆಗಿರುವ ಕೊಂಬು ಬಾಗಿತ್ತು. ಅದರಿಂದಲೇ ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಲಕ್ಕೆ ಮುಖ ಮಾಡಿದ ಎತ್ತಿನ ಬಲಗೊಂಬು ನಮ್ಮ ಕಡೆ ಬರುತ್ತದೆ. ಅದೇ ಎತ್ತು ಎಡಕ್ಕೆ ತಿರುಗಿದರೆ ಬಲಗೊಂಬು ಆಚೆ ಬದಿಗೆ ಹೋಗಬೇಕು. ನಮ್ಮ ಸತ್ತ ಎತ್ತಿಗೆ ಬಾಗಿದ್ದು ಎಡಗೊಂಬು.

ಚಿತ್ರಕಾರನನ್ನು ಕರೆದು ತೋರಿಸಿದೆ. ಅವನು ತನ್ನ ತಲೆಯ ಎರಡೂ ಕಡೆ ಬೆರಳು ಕೊಂಬಿನಂತೆ ಇಟ್ಟುಕೊಂಡು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿದ.

“ಅಲ್ಲಾ ಮೇಡಂ, ಇದನ್ನ ಯಾರು ನೋಡ್ತಾರೆ?”

“ನಾನು ನೋಡಿದೆನಲ್ಲ.”

“ನಿಮ್ಮಂಥೋರು ಊರಿಗೆ ಒಬ್ರು.” ಆದರೆ ಅವನಿಗೂ ಆ ಪುಟ ಮತ್ತೆ ಬರೆಯುವ ಆಸೆ ಇತ್ತು. ಭಾರ ಬಂದಿರಲಿಲ್ಲವಲ್ಲ. ಪ್ರೆಸ್ಸಿನವರ ಹತ್ತಿರ ಒಂದು ವಾರ ಕೇಳಿಕೊಂಡೆವು. “ಜಲ್ದಿ ಮಾಡಿ ಮೇಡಂ, ಶಾದಿ ಸೀಜನ್ ಬಂತು” ಎಂದರು ಅವರು. ಚಿತ್ರಕಾರ ಹಾಳೆ ಸುತ್ತಿಕೊಂಡು ಬೈಕಿನಲ್ಲಿ ರೊಪ್ಪಕ್ಕೆ ಹೋದ.

ಅವನು ಅಲ್ಲಿಂದ ಫೋನು ಮಾಡಿದಾಗ ಧ್ವನಿ ಬೇರೆಯಾಗಿತ್ತು.

“ಮೇಡಂ, ಎತ್ತು ಬಿದ್ದೈತೆ.”

“ಯಾವ ಎತ್ತು?”

“ಅದೇ. ನಮ್ಮದು.”

ಮೇವು ಬಿಟ್ಟು ಕೆಲವು ದಿನಗಳಾಗಿದ್ದವಂತೆ. ಹೊಟ್ಟೆ ಉಬ್ಬಿತ್ತು. ಗೋಡೆಯ ಪಕ್ಕ ಮೇಯಲು ಹೋದಾಗ, ಕಟ್ಟಡ ಕೆಲಸದವರು ಎಸೆದ ಊಟದ ಪ್ಲಾಸ್ಟಿಕ್ ಪೊಟ್ಟಣಗಳನ್ನು ತಿಂದಿರಬಹುದೆಂದು ಪಶುವೈದ್ಯರು ಹೇಳಿ ಔಷಧಿ ಕುಡಿಸಿದ್ದರು. ಚಿತ್ರಕಾರ ಇಷ್ಟನ್ನು ಹೇಳಿದ. ಆಮೇಲೆ, “ಯಾವಾಗಿಂದ ಅಂತ ಕೇಳಿದೆ. ನಾನು ಶಾಯಿ ಹಾಕಿದ್ನಲ್ಲ, ಆ ದಿವಸ ಆಸುಪಾಸು” ಎಂದ.

ನನಗೆ ಹೇಳಲು ಇದ್ದ ಮಾತು ಒಂದೇ: ಕಾಕತಾಳೀಯ. ಅದನ್ನು ಫೋನಿನಲ್ಲಿ ಹೇಳಿದರೆ ಅವನಿಗೆ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು.

ಮರುದಿನ ಅವನು ಕೋಣೆಗೆ ಬಂದು ಹಾಳೆ ಬಿಚ್ಚಿದ. ಮೂವತ್ತೇಳನೆಯ ಪುಟ, ಹೊಸದು. ಎಡಕ್ಕೆ ಮುಖ ಮಾಡಿ ಬಿದ್ದ ಎತ್ತು. ಬಲಗೊಂಬು ಆಚೆ ಬದಿಯಲ್ಲಿ, ನೆಲಕ್ಕೆ ಊರಿ, ಅದರ ತುದಿ ಮಾತ್ರ ಮಣ್ಣಿನಿಂದ ಹೊರಗೆ. ಕತ್ತಿನ ಚರ್ಮ ಮಡಿಕೆ ಮಡಿಕೆಯಾಗಿ ಇಳಿದಿತ್ತು. ಪಕ್ಕೆಲುಬುಗಳ ಕೆಳಗೆ ಹೊಟ್ಟೆ ಗುಡ್ಡದಂತೆ. ಕಣ್ಣು ಅರ್ಧ ತೆರೆದಿತ್ತು. ಅದರಲ್ಲಿ ಬೆಳಕು ಇತ್ತೋ ಇಲ್ಲವೋ ಹೇಳುವಂತಿರಲಿಲ್ಲ. ಭಾರ ಬಂದಿತ್ತು. ಪುಸ್ತಕದಲ್ಲಿ ಅಷ್ಟು ಒಳ್ಳೆಯ ಚಿತ್ರ ಇನ್ನೊಂದಿರಲಿಲ್ಲ, ಈಗಲೂ ಇಲ್ಲ.

“ತಾತ ನೋಡಿದರಾ?”

“ಬರೀವಾಗ ಹಿಂದೆ ನಿಂತಿದ್ರು. ‘ನಿಂತಿದ್ದಾಗ ಬರ್ದಿದ್ಯಲ್ಲಪ್ಪ, ಬಿದ್ದಿದ್ದನ್ನ ಯಾಕೆ ಬರೀತಿ?’ ಅಂದ್ರು. ಸುಳ್ಳು ಹೇಳಾಕೆ ಆಗಲಿಲ್ಲ ಮೇಡಂ. ಕಥೆಯಾಗೆ ಸಾಯ್ತೈತೆ ಅಂದೆ.”

“ಏನಂದರು?”

“ಒಳಗೆ ಹೋಗಿ ಎತ್ತಿನ ಮುಖದ ಮ್ಯಾಲೆ ಕಂಬಳಿ ಹೊದಿಸಿದ್ರು. ನನಗೆ ಕಾಣಬಾರದು ಅಂತ.”

ಅದರ ಮೇಲೆ ಕಪ್ಪು ಶಾಯಿ ಹಾಕಲು ಅವನಿಗೆ ಮನಸ್ಸಿರಲಿಲ್ಲ. ಆದರೂ ಹಾಕಿದ, ನಾನೂ ಬೇಡ ಎನ್ನಲಿಲ್ಲ. ಸ್ಕ್ಯಾನ್ ಮಾಡಿಸಿ ಅಕ್ಕನಿಗೆ ಕಳಿಸಿದೆವು. ಸಂಜೆ ಹಟ್ಟಿಯಿಂದ ಅವನಿಗೆ ಕರೆ ಬಂತು. ಎತ್ತು ನೀರನ್ನೂ ಬಿಟ್ಟಿತ್ತು. ತಾತ ಒಂದು ಮಾತು ಹೇಳಿ ಕಳಿಸಿದ್ದರು: ಪುಸ್ತಕದಲ್ಲಿ ಏನು ಬರೆದಿದ್ದೀರೋ ತಂದು ತೋರಿಸಿ.

ಅಕ್ಕ ಮೊಳಕಾಲ್ಮೂರಿನಿಂದ ಬೆಳಗಿನ ಬಸ್ಸಿಗೆ ಬಂದರು. ಕೋಣೆಯಲ್ಲಿ ನಮ್ಮ ಮೂವರಿಗೂ ಮೊದಲ ಸಲ ಜಗಳವಾಯಿತು.

“ಸಾಯೋ ಪುಟಾನೇ ತೆಗೆದುಬಿಡನ. ಎತ್ತು ಎದ್ದು ಹೋತು ಅಂತ ಬರೀರಿ” ಎಂದ ಚಿತ್ರಕಾರ.

“ಏಮಯ್ಯಾ, ನೀನು ಶಾಯಿ ಹಾಕಿದ್ದಕ್ಕೆ ಎತ್ತು ಬೀಳ್ತೈತಾ? ಹಂಗಿದ್ರೆ ನಾನು ಇಷ್ಟು ವರ್ಷ ಸೀರೆಗೆ ಬರೆದ ನವಿಲೆಲ್ಲ ಮೊಳಕಾಲ್ಮೂರಾಗೆ ಕುಣೀಬೇಕಿತ್ತು” ಎಂದರು ಅಕ್ಕ.

“ನಿಮ್ಮ ನವಿಲು ಯಾರ ಮನೇದೂ ಅಲ್ಲ ಅಕ್ಕ. ಇದಕ್ಕೆ ಮನೆ ಐತೆ.”

ಇಬ್ಬರೂ ನನ್ನನ್ನು ನೋಡಿದರು. ಎತ್ತು ಎದ್ದು ಹೋಗುವ ಕಥೆ ನನ್ನಿಂದ ಬರೆಯಲಾಗದು ಎಂದೆ. ಗೋಡೆ ಅಲ್ಲಿಯೇ ಇದೆ. ಎದ್ದು ಎಲ್ಲಿಗೆ ಹೋಗುತ್ತದೆ? ನಾನು ಹೇಳಿದ್ದು ನಿಜವೇ ಆಗಿತ್ತು. ಆದರೆ ಆ ಹೊತ್ತಿಗೆ ಆ ಕೋಣೆಯಲ್ಲಿ ಅದು ಯಾರಿಗೂ ಬೇಕಾದ ನಿಜವಾಗಿರಲಿಲ್ಲ. ಮೊದಲು ತಾತನಿಗೆ ತೋರಿಸೋಣ, ಅವರು ಬೇಡವೆಂದರೆ ಪುಸ್ತಕವನ್ನೇ ಬಿಡೋಣ ಎಂದೆ. ಇಷ್ಟಕ್ಕೆ ಮೂವರೂ ಒಪ್ಪಿದೆವು.

ತೋರಿಸಲು ಕಾಗದದ ಮೇಲೆ ಇದ್ದದ್ದು ಪ್ರೂಫ್ ಹಾಳೆಗಳು ಮಾತ್ರ, ಹಳೆಯ ಚಿತ್ರ ಇರುವವು. ಹೊಸ ಚಿತ್ರದ ಮೂಲ ಹಾಳೆ ಹಗ್ಗಕ್ಕೆ ನೇತಾಡುತ್ತಿತ್ತು. ನಾನು ಅದರ ಕಡೆ ಕೈ ಚಾಚಿದೆ.

“ಅದು ಬ್ಯಾಡ ಮೇಡಂ” ಎಂದ ಚಿತ್ರಕಾರ. “ಅದನ್ನ ಬರೀವಾಗ ಅವರು ನೋಡಿದ್ದು ಸಾಕು.”

ಚಳ್ಳಕೆರೆಯಿಂದ ಹಟ್ಟಿಗೆ ಹೋಗುವ ದಾರಿಯಲ್ಲಿ ಕುದಾಪುರದ ಕಡೆ ಆಕಾಶದಲ್ಲಿ, ಗೋಡೆಯೊಳಗಿಂದ ಎದ್ದ ಒಂದು ಪೈಲಟ್ ಇಲ್ಲದ ವಿಮಾನ ಸುತ್ತು ಹಾಕುತ್ತಿತ್ತು. ಆ ಕಡೆಯವರಿಗೆ ಅದು ಹೊಸದಲ್ಲ. ಅಂದು ಮಾತ್ರ ಅದು ಬಿದ್ದ ಜೀವದ ಮೇಲೆ ಹದ್ದು ಸುತ್ತುವಂತೆ ಕಂಡಿತು. ಅಕ್ಕನೂ ನೋಡಿದರು, ಸೆರಗು ತಲೆಗೆ ಎಳೆದುಕೊಂಡರು.

ರೊಪ್ಪದಲ್ಲಿ ಗಂಟೆ ಸದ್ದಿರಲಿಲ್ಲ. ಬಿದ್ದ ಎತ್ತಿನ ಕೊರಳಿಂದ ಅದನ್ನು ಬಿಚ್ಚಿ ಬೇಲಿಯ ಗೂಟಕ್ಕೆ ಕಟ್ಟಿದ್ದರು. ಉಳಿದ ಎತ್ತುಗಳು ಬೇರೆ ಬದಿಗೆ ಸರಿದು, ಅದಕ್ಕೆ ಬೆನ್ನು ಮಾಡಿ ನಿಂತಿದ್ದವು. ನಾನು ಚೀಲದಿಂದ ಹಾಳೆ ತೆಗೆಯಹೊರಟಾಗ ತಾತ ಕೈ ಅಡ್ಡ ಹಿಡಿದರು.

“ಇಲ್ಲಿ ಬ್ಯಾಡವ್ವ. ಅದರ ಮುಂದೆ ಅದರ ಸಾವು ಬಿಚ್ಚಬಾರದು.”

ಬೇಲಿ ದಾಟಿ, ಚಪ್ಪಲಿ ಮೆಟ್ಟಿಕೊಂಡು, ರೊಪ್ಪ ಕಣ್ಮರೆಯಾಗುವಷ್ಟು ದೂರದ ಒಂದು ಬೇವಿನ ಮರದವರೆಗೆ ಕರೆದುಕೊಂಡು ಹೋದರು. ಅಲ್ಲಿಯೂ ರೊಪ್ಪದ ಕಡೆಗೆ ಬೆನ್ನು ಮಾಡಿ ಕೂತರು. ಆಮೇಲೆ ಕೈ ಚಾಚಿದರು.

ಹಾಳೆ ಬಿಡಿಸಿ ಅವರ ಮುಂದೆ ಹಾಸಿದೆ. ಗಾಳಿಗೆ ಹಾರದಂತೆ ಚಿತ್ರಕಾರ ನಾಲ್ಕು ಮೂಲೆಗೂ ಕಲ್ಲಿಟ್ಟ. ಎಡಕ್ಕೆ ಹನ್ನೆರಡು, ಬಲಕ್ಕೆ ಮೂವತ್ತೇಳು. ತಾತ ಮೊದಲು ನಡೆಯುವ ಎತ್ತನ್ನು ನೋಡಿದರು. ಮುಖ ಸಡಿಲವಾಯಿತು.

“ಇದು ನಮ್ಮದು. ಕಾಲಿಡೋದು ನೋಡು, ಹಂಗೇ ಐತೆ.”

ಆಮೇಲೆ ಬಲಕ್ಕೆ ನೋಡಿದರು. ಬಹಳ ಹೊತ್ತು ನೋಡಿದರು. ತಮ್ಮ ಕೈಯನ್ನು ಹಾಳೆಯ ಮೇಲೆ ಆಡಿಸಿ, ಎತ್ತಿನ ಮೂತಿಯಿಂದ ಹಣೆಗೆ, ಹಣೆಯಿಂದ ಕೊಂಬಿಗೆ ಬಂದು ಅಲ್ಲಿ ನಿಲ್ಲಿಸಿದರು. ನನಗೆ ಅವರು ಏನು ನೋಡುತ್ತಿದ್ದಾರೆಂದು ಗೊತ್ತಿತ್ತು.

“ಇದು ನಮ್ಮದಲ್ಲ” ಎಂದರು.

ಅವರ ಬೆರಳು ಕೊಂಬಿನ ಮೇಲೇ ಇತ್ತು.

“ನಮ್ಮದಕ್ಕೆ ಬಲಗಡೆ ಕೋಡು ಬಾಗೈತೆ. ಇದಕ್ಕೆ ಎಡಗಡೇದು. ಇದು ಬ್ಯಾರೆ ಎತ್ತು.” ಅವರು ನನ್ನ ಕಡೆ ತಿರುಗಿದರು. “ಯಾರದವ್ವ ಇದು?”

“ಯಾರದೂ ಅಲ್ಲ ತಾತ. ಕಂಪ್ಯೂಟರಿನಲ್ಲಿ ಚಿತ್ರ ತಿರುವಿದಾಗ ಹಾಗೆ ಬಂತು.”

“ಯಾರದೂ ಅಲ್ಲದ ಎತ್ತು ಇರ್ತೈತೇನು?”

ಅಕ್ಕ ನೆಲ ನೋಡುತ್ತಿದ್ದರು. ತಾತ ಉತ್ತರಕ್ಕೆ ಕಾಯಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದರು. ಕೂತಾಗಿನ ನಿಧಾನ ಏಳುವಾಗ ಇರಲಿಲ್ಲ. “ಅಚ್ಚು ಹಾಕ್ಸಿರಿ. ನಮ್ಮದಲ್ಲ ಅಂದ ಮ್ಯಾಲೆ ಬ್ಯಾಡ ಅನ್ನಾಕೆ ನಾನ್ಯಾರು” ಎಂದು ಹೇಳಿ ರೊಪ್ಪದ ಕಡೆ ನಡೆದರು. ನಾವು ಹಾಳೆ ಮಡಚುತ್ತಿದ್ದಾಗ ಅಲ್ಲಿಂದ ಅವರ ಧ್ವನಿ ಕೇಳಿತು. ಎತ್ತಿನ ಜತೆ ಮಾತಾಡುತ್ತಿದ್ದರು. ಮಾತು ತಿಳಿಯಲಿಲ್ಲ. ನಗುವಿನ ಎಳೆ ಮಾತ್ರ ತಿಳಿಯಿತು.

ಎತ್ತು ಎದ್ದಿತು. ಮರುದಿನ ನೀರು ಕುಡಿಯಿತು, ಆಮೇಲೆ ಸ್ವಲ್ಪ ಹಸಿ ಹುಲ್ಲು, ಆಮೇಲೆ ಎದ್ದು ನಿಂತಿತು. ಪಶುವೈದ್ಯರ ಔಷಧಿ ಹಿಡಿಯಲು ಅಷ್ಟು ದಿನ ಬೇಕಾಗುತ್ತದಂತೆ. ನಾನು ಅದನ್ನು ನಂಬುತ್ತೇನೆ. ಚಿತ್ರಕಾರ ಸುದ್ದಿ ತಂದಾಗ ಅಕ್ಕ ಫೋನಿನಲ್ಲೇ ಅತ್ತರು. ಅತ್ತು ಮುಗಿಸಿ, “ನವಿಲು ಕುಣೀತು ನೋಡು” ಎಂದರು.

ಇನ್ನು ಪ್ರೆಸ್ಸಿಗೆ ಫೈಲು ಕಳಿಸುವುದು ಬಾಕಿ. ನನ್ನ ಕಂಪ್ಯೂಟರಿನಲ್ಲಿ ಈಗ ಎರಡು ಮೂವತ್ತೇಳನೆಯ ಪುಟಗಳಿದ್ದವು. ಒಂದು ತಪ್ಪು ಕೊಂಬಿನ, ಭಾರವಿಲ್ಲದ, ನಿದ್ದೆ ಮಾಡುವಂಥ ಎತ್ತು. ಇನ್ನೊಂದು ಚಿತ್ರಕಾರ ತನ್ನ ಜೀವನದಲ್ಲಿ ಬರೆದ ಅತ್ಯುತ್ತಮ ಚಿತ್ರ, ಅಕ್ಕ ಅಳುಕುತ್ತಲೇ ಬಣ್ಣ ತುಂಬಿ ಕಳಿಸಿದ್ದು, ಎಲ್ಲ ರೀತಿಯಲ್ಲೂ ಸರಿ ಇದ್ದದ್ದು. ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟೆ. ಪ್ರೆಸ್ಸಿನಲ್ಲಿ ಕನ್ನಡದ ಅಕ್ಷರಗಳು ಒಡೆದುಹೋಗದಂತೆ ಕಳಿಸುವ ಮುಂಚೆ ಎಲ್ಲ ಮಾತುಗಳನ್ನೂ ಚಿತ್ರದಂತೆ ಬರೀ ಗೆರೆಗಳಾಗಿ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ತಿದ್ದಲು ಬರುವುದಿಲ್ಲ. ಉಳಿದ ನಲವತ್ತೇಳು ಪುಟಗಳಿಗೆ ಅದನ್ನು ಮಾಡಿ ಮುಗಿಸಿದೆ. ಮೂವತ್ತೇಳರಲ್ಲಿ ಮಾತೇ ಇರಲಿಲ್ಲ. ಅದು ಕೊನೆಗೆ ಉಳಿಯಿತು.

“ನಿನ್ನ ಚಿತ್ರ. ನೀನು ಹೇಳು” ಎಂದೆ.

ಚಿತ್ರಕಾರ ಕಿಟಕಿಯ ಹತ್ತಿರ ನಿಂತಿದ್ದ. “ಚೆನ್ನಾಗಿರೋದು ಯಾವುದು ಅಂತ ಕೇಳಿದ್ರೆ ಹೇಳ್ತೀನಿ. ಹಾಕೋದು ಯಾವುದು ಅಂತ ಕೇಳಬ್ಯಾಡ್ರಿ.”

ನಾನು ಯೋಚಿಸಿದ್ದು ಸರಳವಾಗಿತ್ತು. ತಾತ ಒಪ್ಪಿಗೆ ಕೊಟ್ಟದ್ದು ಅವರು ನೋಡಿದ ಪುಟಕ್ಕೆ. ಅವರಿಗೆ ಒಂದನ್ನು ತೋರಿಸಿ ಇನ್ನೊಂದನ್ನು ಅಚ್ಚು ಹಾಕಿಸುವಂತಿಲ್ಲ. ಅವರು ನೋಡಿದ್ದೇ ಅಚ್ಚಾಗಬೇಕು. ಒಂದು ಅಕ್ಷರದ ಒತ್ತು ತಪ್ಪಿದರೂ ನಿದ್ದೆ ಬಾರದ ನಾನು, ತಪ್ಪು ಎಂದು ಗೊತ್ತಿದ್ದ ಪುಟವನ್ನು ಆರಿಸಿ ಕಳಿಸಿದೆ. ಹೊಸ ಚಿತ್ರದ ಮೂಲವನ್ನು ಎರಡು ರಟ್ಟುಗಳ ನಡುವೆ ಇಟ್ಟು, ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟೆವು. ಹರಿಯುವ ಧೈರ್ಯ ನಮಗೆ ಬರಲಿಲ್ಲ. ಗೋಡೆಯಿಂದ ದೂರವೇ ಇಟ್ಟಿದ್ದರೂ ಅದಕ್ಕೆ ಒಂದು ಎಣ್ಣೆಯ ಕಲೆ ಹತ್ತಿಕೊಂಡಿದೆ. ಹೇಗೆ ಎಂದು ಗೊತ್ತಾಗಲಿಲ್ಲ.

ಪುಸ್ತಕ ಬಂತು. ಅಂಗಡಿಗಳಿಗೆ ಕೊಡುವಷ್ಟು ಪ್ರತಿಗಳಿರಲಿಲ್ಲ. ಕಾಲೇಜುಗಳಲ್ಲಿ, ಸಂತೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ನಾವೇ ಹಿಡಿದು ಕೂತೆವು. ಓದಿದವರು ಚೆನ್ನಾಗಿದೆ ಎಂದರು. ಕೊಂಬಿನ ತಪ್ಪನ್ನು ಯಾರೂ ಹೇಳಲಿಲ್ಲ. ಚಿತ್ರಕಾರ ಹೇಳಿದ್ದು ನಿಜವಾಯಿತು ಎಂದುಕೊಂಡೆ.

ದೇವಸಮುದ್ರಕ್ಕೆ ಹೋದದ್ದು ನಾನೊಬ್ಬಳೇ. ಬಸ್ ನಿಲ್ಲುವ ಕಡೆ ಒಂದು ಹೋಟೆಲ್ಲಿನ ಜಗುಲಿಯ ಮೇಲೆ ಪುಸ್ತಕ ಹರಡಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಔಷಧಿ ಅಂಗಡಿಯ ಕವರು ಹಿಡಿದ ನಡುವಯಸ್ಸಿನವರೊಬ್ಬರು ಬಂದು ನಿಂತರು. ಮುಖಪುಟದ ಎತ್ತನ್ನು ನೋಡಿ ಪುಸ್ತಕ ಕೈಗೆತ್ತಿಕೊಂಡರು. ಓದುವವರಂತೆ ಅಲ್ಲ, ಸಂತೆಯಲ್ಲಿ ದನ ನೋಡುವವರಂತೆ ನೋಡುತ್ತಾ ಪುಟ ತಿರುವಿದರು. ಮೂವತ್ತೇಳಕ್ಕೆ ಬಂದು ನಿಂತರು. ಪುಸ್ತಕವನ್ನು ಬಿಸಿಲಿಗೆ ಹಿಡಿದರು.

“ಇದನ್ನ ಎಲ್ಲಿ ನೋಡಿ ಬರೆದ್ರಿ?”

“ಯಾಕೆ?”

“ಮೊದಲಿನ ಪುಟದಾಗಿನ ಎತ್ತು ಬ್ಯಾರೆ, ಇದು ಬ್ಯಾರೆ. ಅದಕ್ಕೆ ಬಲಗೋಡು ಬಾಗೈತೆ, ಇದಕ್ಕೆ ಎಡಗೋಡು.” ಅವರು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. “ನಮ್ಮ ಹಟ್ಟ್ಯಾಗೆ ಒಂದೈತೆ. ದೇವರ ಎತ್ತು. ಅಚ್ಚ ಹಿಂಗೇ. ನಮ್ಮ ಕಡೆ ಯಾರೂ ಬರೆಯಾಕೆ ಬಂದಿದ್ದು ನಾ ಕಾಣೆ.”

ಜಗುಲಿಯ ಕಲ್ಲು ಬಿಸಿಯಾಗಿತ್ತು. ನಾನು ಕೈ ಎತ್ತಿಕೊಂಡೆ. ಎಲ್ಲಿಯೂ ನೋಡಿ ಬರೆದದ್ದಲ್ಲ, ತಪ್ಪಾಗಿ ಬಂದದ್ದು ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ.

“ಅದು ಚೆನ್ನಾಗಿದೆಯಾ?”

“ಯಾವುದು? ಎತ್ತಾ?” ಅವರು ಮೊದಲ ಸಲ ನನ್ನ ಮುಖ ನೋಡಿದರು. “ಬೆಳಿಗ್ಗೆ ನಾ ಬರೋವಾಗ ಮೇಯ್ತಿತ್ತು.”

ಬಸ್ಸು ಬಂತು. ಅವರು ಪುಸ್ತಕವನ್ನು ನನ್ನ ಕೈಗೆ ಕೊಡಲಿಲ್ಲ, ಗುಡ್ಡೆಯ ಮೇಲೆ ಮಗುಚಿ ಇಟ್ಟರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

“ಯಾಕವ್ವ ಹಂಗೆ ಕೇಳಿದೆ?”

ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು. ಅವರು ಒಳಗೆ ಹೋಗಿ ಕೂರಲಿಲ್ಲ. ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು.